ಮಾದೇವಮ್ಮನ ಆರು ಮನೆ

ಮತದಾರರ ಪಟ್ಟಿ ಹಿಡಿದು ಮೊನ್ನೆ ಬಂದ ಮೇಡಂ ಗೇಟಿನಲ್ಲೇ ನಿಂತು ಕೇಳಿದರು: "ಮಾದೇವಮ್ಮ ಅನ್ನೋರು ಇದೇ ಮನೇಲಿದಾರಾ?" ನನಗೆ ನಗು ತಡೆಯಲಾಗಲಿಲ್ಲ. ಅವರು ಗಾಬರಿಯಾದರೆಂದು ಒಳಗೆ ಕರೆದು ಕಾಫಿ ಕೊಟ್ಟೆ. ನಿಮಗೂ ಹೇಳಿಬಿಡುತ್ತೇನೆ, ಕೂತುಕೊಳ್ಳಿ.

ತೊಂಬತ್ತರ ದಶಕದ ಮೊದಲ ವರ್ಷಗಳು. ಸರಸ್ವತಿಪುರಂನ ನಮ್ಮ ಮಿಡ್ಲ್ ಸ್ಕೂಲಿನ ಕಾಂಪೌಂಡಿಗೆ ಒಂದು ನೀಲಿ ಟಾರ್ಪಾಲು ಕಟ್ಟಿತ್ತು. ಅದರ ಕೆಳಗೆ ಮಾದೇವಮ್ಮ ಬೀದಿಯವರ ಬಟ್ಟೆಗೆಲ್ಲ ಇಸ್ತ್ರಿ ಹಾಕುತ್ತಿದ್ದರು. ಅಲ್ಲೇ ಅಡುಗೆ, ಅಲ್ಲೇ ನಿದ್ದೆ. ನೀರು ಚಿಮುಕಿಸಿದ ಬಟ್ಟೆಯ ಮೇಲೆ ಕೆಂಡದ ಪೆಟ್ಟಿಗೆ ಓಡಿದಾಗ ಬರುವ ವಾಸನೆ ಕಿಟಕಿಯಿಂದ ಬಂದು ನಮ್ಮ ಗಣಿತವನ್ನು ಸ್ವಲ್ಪ ಸಹ್ಯ ಮಾಡುತ್ತಿತ್ತು. ಮಗಳು ನಾಗರತ್ನ ನಮ್ಮ ಏಳನೇ ಕ್ಲಾಸಿನವಳೇ. ಇಡೀ ಕ್ಲಾಸಿನಲ್ಲಿ ನೆರಿಗೆ ಕೆಡದ ಯೂನಿಫಾರ್ಮ್ ಅವಳದೊಂದೇ.

ಒಂದು ದಿನ ಯಾರೋ ಬಂದು, ರಸ್ತೆ ಅಗಲವಾಗುತ್ತದೆ, ತಿಂಗಳೊಳಗೆ ಜಾಗ ಖಾಲಿ ಮಾಡಿ ಎಂದು ಹೇಳಿ ಹೋದರು. ಅದೇ ವಾರ ಸಮಾಜ ಪಾಠದ ಮೇಷ್ಟ್ರು ಅನ್ನ, ಬಟ್ಟೆ, ಸೂರು ಎಲ್ಲರಿಗೂ ಬೇಕೇಬೇಕು ಎಂದು ಬರೆಸಿದ್ದರು. ನಾಗರತ್ನ ಎದ್ದು ನಿಂತಳು. "ಸಾರ್, ಮೂರನೇದನ್ನ ಎಲ್ಲಿ ಕೇಳ್ಬೇಕು?" ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟು, ಬಡವರಿಗೆ ಕಮ್ಮಿ ಬೆಲೆಗೆ ಮನೆ ಕೊಡುವ ಆಫೀಸೊಂದರ ದಾರಿ ಹೇಳಿದರು.

ಶನಿವಾರ ಬೆಳಗಿನ ಸ್ಕೂಲು ಮುಗಿಸಿ, ನಾಗರತ್ನನ ಜೊತೆ ನಾವು ಆರು ಜನ ಹೋಗಿ ಅರ್ಜಿ ಫಾರಂ ತಂದೆವು. ಒಂದು ಹೋದರೆ ಇನ್ನೊಂದಿರಲಿ ಎಂದು ಆರು. ತಲೆಗೊಂದರಂತೆ ಮನೆಗೊಯ್ದು ಮಾದೇವಮ್ಮನ ಹೆಸರಲ್ಲಿ ತುಂಬಿದೆವು. 'ಈಗಿನ ವಿಳಾಸ' ಎಂಬ ಕಾಲಂ ಬಂತು. ಟಾರ್ಪಾಲಿಗೆ ಡೋರ್ ನಂಬರ್ ಎಲ್ಲಿಯದು? ಪರೀಕ್ಷೆ ಬಂದಾಗಲೆಲ್ಲ ಮೇಷ್ಟ್ರು ಹೇಳುತ್ತಿದ್ದುದು ಒಂದೇ: "ಖಾಲಿ ಬಿಡ್ಬೇಡಿ, ಗೊತ್ತಿರೋದನ್ನ ಬರೀರಿ." ನನಗೆ ಗೊತ್ತಿದ್ದುದು ನಮ್ಮ ಮನೆಯ ವಿಳಾಸ. ಬರೆದೆ. ಉಳಿದ ಐವರಿಗೂ ಅವರವರ ಮನೆಯದೇ ಗೊತ್ತಿತ್ತು, ಪಾಪ.

ಮುಂದಿನ ಶನಿವಾರ ಆ ಆಫೀಸಿನ ಗುಮಾಸ್ತರು ನಾವು ಕೊಟ್ಟ ಆರೂ ಅರ್ಜಿಗಳನ್ನು ಇಸ್ಪೀಟಿನ ಹಾಗೆ ಮೇಜಿನ ಮೇಲೆ ಹರಡಿದರು. "ಏನ್ರಪ್ಪಾ, ಆರು ಮನೆ ಇರೋ ಸಾವ್ಕಾರ್ತಿಗೆ ಏಳನೇದು ಬೇರೆ ಬೇಕಾ?"

ಆಫೀಸೆಲ್ಲ ನಕ್ಕಿತು. ನಾಗರತ್ನ ನಗಲಿಲ್ಲ. "ಒಂದೂ ಇಲ್ಲ ಸಾರ್. ಅದಕ್ಕೇ ಇಷ್ಟ್ ಜನ ಬಂದಿರೋದು."

ಗುಮಾಸ್ತರು ದನಿ ಇಳಿಸಿದರು. "ನಿಜವಾಗ್ಲೂ ಇರೋ ವಿಳಾಸ ಒಂದು ಬೇಕು ಕಣಮ್ಮ. ಅದಿಲ್ದೆ ಫೈಲ್ ಮುಂದಕ್ಕೆ ಹೋಗಲ್ಲ."

ಸುದ್ದಿ ಕೇಳಿದ ಮಾದೇವಮ್ಮ ಇಸ್ತ್ರಿ ಪೆಟ್ಟಿಗೆ ಪಕ್ಕಕ್ಕಿಟ್ಟು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಅಯ್ಯೋ ನನ್ ಮಕ್ಳಾ, ಒಂದೇ ವಾರಕ್ಕೆ ಆರ್ ಮನೆ ಕೊಡ್ಸ್‌ಬುಟ್ರಾ!" ನಗು ಯಾವಾಗ ನಿಂತು ಬರೀ ನೀರು ಉಳಿಯಿತೋ, ನಮಗೆ ಗೊತ್ತಾಗಲಿಲ್ಲ.

ಅಮ್ಮ ನನ್ನ ಕಿವಿ ಹಿಂಡಿದಳು. "ಸುಳ್ಳು ಬರ್ದಿದೀಯಲ್ಲ, ಈಗ ಅದನ್ನ ನಿಜ ಮಾಡು, ನಡಿ." ಗ್ಯಾಸ್ ಬಂದ ಮೇಲೆ ಖಾಲಿ ಬಿದ್ದಿದ್ದ ನಮ್ಮ ಸೌದೆ ಕೋಣೆಗೆ ಆರೂ ಜನ ಸೇರಿ ಸುಣ್ಣ ಹೊಡೆದೆವು, ಗೋಡೆಗಿಂತ ನನ್ನ ತಲೆಗೇ ಹೆಚ್ಚು ಹತ್ತಿತು. ತಾಯಿ ಮಗಳು ಅಲ್ಲಿಗೆ ಬಂದರು. ಆಮೇಲೆ ಪ್ರತಿ ಶನಿವಾರ ನಮ್ಮ ದಂಡು ಆಫೀಸಿಗೆ. ಗುಮಾಸ್ತರು ದೂರದಿಂದಲೇ, "ಬಂತಪ್ಪಾ ಶನಿವಾರ!" ಅನ್ನುತ್ತಿದ್ದರು. ನಾವು ಹೈಸ್ಕೂಲು ಸೇರಿದ ಮೇಲೆ ಮನೆ ಬಂತು: ಒಂದು ರೂಮು, ಒಂದು ಅಡುಗೆಮನೆ, ಬಾಗಿಲ ಮೇಲೊಂದು ನಂಬರು.

ಮತದಾರರ ಪಟ್ಟಿಯಲ್ಲಿ ಮಾತ್ರ ಮಾದೇವಮ್ಮನ ಹೆಸರು ನಮ್ಮ ಮನೆಯ ವಿಳಾಸದಲ್ಲೇ ಉಳಿಯಿತು. ಪ್ರತಿ ಚುನಾವಣೆಗೂ ಬಂದು, ಸೌದೆ ಕೋಣೆಯನ್ನೊಮ್ಮೆ ಇಣುಕಿ ನೋಡಿ, ವೋಟು ಹಾಕಿ ಹೋಗುತ್ತಿದ್ದರು. ಈ ಸಲ ಫೋನು ಮಾಡಿ, "ಮಂಡಿ ನೋವು ಕಣಪ್ಪ, ನನ್ ಹೆಸ್ರು ಈ ಕಡೀಕೇ ಹಾಕ್ಸ್‌ಬುಡು," ಅಂದಿದ್ದಾರೆ.

ಮೇಡಂ ಕೊಟ್ಟ ಫಾರಂನಲ್ಲಿ 'ಕಾರಣ' ಎಂದೊಂದು ಕಾಲಂ ಇತ್ತು. "ಅದನ್ನ ಖಾಲಿ ಬಿಟ್ರೂ ನಡೆಯುತ್ತೆ ಸಾರ್," ಅಂದರು.

ಖಾಲಿ ಬಿಟ್ಟು ಅಭ್ಯಾಸವಿಲ್ಲ ನನಗೆ. ಗೊತ್ತಿದ್ದುದನ್ನೇ ದುಂಡಗೆ ಬರೆದೆ: ಸ್ವಂತ ಮನೆ ಇದೆ.