ಹಪ್ಪಳದ ಎಣ್ಣೆ ಕಾಯುವ ಹೊತ್ತು

ಚಿನ್ನಮನೂರಿನ ಬಾಳೆಮಂಡಿಯಿಂದ ಮನೆಗೆ ಬರುವಾಗ ನಮ್ಮವರ ಬೈಕು ಬೀದಿಯ ತಿರುವಿನಲ್ಲಿ ಒಮ್ಮೆ ಕೆಮ್ಮುತ್ತದೆ. ಅಲ್ಲಿ ಅವರು ಗೇರ್ ಇಳಿಸುತ್ತಾರೆ. ಆ ಕೆಮ್ಮು ಕೇಳಿದ ಕೂಡಲೇ ನಾನು ಒಲೆ ಹಚ್ಚಿ ಎಣ್ಣೆ ಇಡಬೇಕು. ಅವರು ಕೈ ತೊಳೆದು ಕೂರುವಷ್ಟರಲ್ಲಿ ಹಪ್ಪಳ ತಟ್ಟೆಗೆ ಬೀಳಬೇಕು. ಆರಿದ ಹಪ್ಪಳ ಅವರಿಗಾಗದು. ಒಂದು ಗಂಟೆಗೂ ಬರುತ್ತಾರೆ, ಮೂರೂವರೆಗೂ ಬರುತ್ತಾರೆ. ಗೊನೆ ತುಂಬಿದ ಲಾರಿ ಹೊರಟ ಮೇಲೆ ಊಟ. ಮದುವೆಯಾದ ಹೊಸದರಲ್ಲಿ, ಎಷ್ಟು ಹೊತ್ತಿಗೆ ಬರುತ್ತೀರೆಂದು ಒಮ್ಮೆ ಮಂಡಿಗೆ ಫೋನ್ ಮಾಡಿ ಕೇಳಿದ್ದಕ್ಕೆ, "ಯಾಪಾರ ಮಾತಾಡೋ ಹೊತ್ನಾಗೆ ಪೋನ್ ಪೋಡಬ್ಯಾಡ" ಅಂದಿದ್ದರು.

ಹೀಗಾಗಿ ಇಪ್ಪತ್ತೆರಡು ವರ್ಷ, ಹನ್ನೆರಡರಿಂದ ಮೂರೂವರೆಯ ತನಕ, ನಾನು ಎಲ್ಲಿಗೂ ಹೋದವಳಲ್ಲ. ಹಿತ್ತಲಲ್ಲಿ ಬಟ್ಟೆ ಒಣಹಾಕುವಾಗಲೂ ಒಂದು ಕಿವಿ ಬೀದಿಗೆ. ಅವರು ಉಣ್ಣುವ ಮೊದಲು ನಾನು ಉಣ್ಣುತ್ತಲೂ ಇರಲಿಲ್ಲ. ಹಾಗೆಂದು ಯಾರೂ ಹೇಳಿಕೊಟ್ಟದ್ದಲ್ಲ. ದಿಂಡಿಗಲ್ಲಿನ ಕಾನ್ವೆಂಟಿನಲ್ಲಿ ಹನ್ನೆರಡು ವರ್ಷ ಗಂಟೆ ಹೊಡೆದ ಮೇಲೆ ಡಬ್ಬಿ ತೆರೆದವಳು ನಾನು. ಎಲ್ಲರೂ ಕೂತು, ಕಣ್ಣು ಮುಚ್ಚಿ ಪ್ರಾರ್ಥನೆ ಮುಗಿಸುವ ತನಕ ಮುಚ್ಚಳದ ಮೇಲೆ ಕೈಯಿಟ್ಟು ಕಾಯುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಗಂಟೆಯ ಜಾಗಕ್ಕೆ ಬೈಕು ಬಂತು, ಅಷ್ಟೇ.

ಮಗಳು ಈಗ ದಿಂಡಿಗಲ್ಲಿನಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ. ನಮ್ಮ ಮನೆಮಾತು ಕನ್ನಡ ಅವಳಿಗೆ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ. ಕಳೆದ ಆಡಿ ತಿಂಗಳಲ್ಲಿ, ಆಷಾಢದ ಗಾಳಿಗೆ ಹಿತ್ತಲಿನ ತಗಡು ಬಡಿದುಕೊಳ್ಳುತ್ತಿದ್ದಾಗ, ಎರಡೂವರೆಗೆ ಫೋನ್ ಮಾಡಿದಳು.

"ಸಾಪ್ಟಿಯಾಮ್ಮಾ?"

"ಇನ್ನಾ ಉಂಡಿಲ್ಲ."

"ಪಸಿಕ್ಕಲಿಯಾ?" ಹಸಿವಾಗಲಿಲ್ಲವಾ ಅಂತ.

"ಅಪ್ಪ ಇನ್ನಾ ಬಂದಿಲ್ಲ ಕಣ್ಣು."

ಅವಳು ನಕ್ಕುಬಿಟ್ಟಳು. ಅವಳು ಕೇಳಿದ್ದು ನನ್ನ ಹೊಟ್ಟೆಯ ವಿಚಾರ, ನಾನು ಹೇಳಿದ್ದು ಅವಳಪ್ಪನ ವಿಚಾರ. ಫೋನಿಟ್ಟ ಮೇಲೆ ಅದೇ ಪ್ರಶ್ನೆಯನ್ನು ನನ್ನ ಹೊಟ್ಟೆಗೇ ಕೇಳಿದೆ. ನನಗೆ ಹಸಿವಾಗಿದೆಯೋ ಇಲ್ಲವೋ, ನಿಜವಾಗಿಯೂ ಗೊತ್ತಾಗಲಿಲ್ಲ.

ಮರುದಿನದಿಂದ ಗಮನಿಸತೊಡಗಿದೆ. ಹನ್ನೊಂದೂಮುಕ್ಕಾಲಿಗೆ, ಹುಣಿಸೆಹಣ್ಣು ಕಿವುಚುವ ಹೊತ್ತಿಗೆ, ಪಕ್ಕೆಲುಬಿನ ಕೆಳಗೆ ಸಣ್ಣ ಮಗು ಸೆರಗು ಜಗ್ಗಿದ ಹಾಗೆ ಏನೋ ಜಗ್ಗುತ್ತದೆ. ಯಾರೂ ಕೇಳಿಸಿಕೊಳ್ಳದಿದ್ದರೆ ಒಂದೂವರೆಗೆ ಸುಮ್ಮನಾಗುತ್ತದೆ. ಎರಡೂವರೆಗೆ ಎಡಗಣ್ಣಿನ ಮೇಲೆ ನೋವು. ಆ ನೋವಿಗೆ ಇಷ್ಟು ವರ್ಷ ಆಡಿ ಗಾಳಿಯನ್ನು ಬೈದು, ಒಣಶುಂಠಿ ತೇಯ್ದು ಹಣೆಗೆ ಹಚ್ಚುತ್ತಿದ್ದೆ. ಹತ್ತು ದಿನ ನೋಡಿದೆ. ಗಾಳಿ ನಿಂತ ದಿನವೂ ನೋವು ಬಂತು.

ಹನ್ನೊಂದನೆಯ ದಿನ, ಸೆರಗು ಜಗ್ಗಿದ ಕೂಡಲೇ ತಟ್ಟೆ ತೆಗೆದುಕೊಂಡೆ. ಅಡುಗೆಮನೆಯ ನೆಲದ ಮೇಲೆ ಕೂತು ಅನ್ನಕ್ಕೆ ಇನ್ನೂ ಹುಣಿಸೆ ಬೀಳದ ಹುರುಳಿ ರಸ ಕಲಸಿದೆ. ನಾಲ್ಕನೆಯ ತುತ್ತಿಗೆ ಅತ್ತೆ ಬಾಗಿಲಲ್ಲಿದ್ದರು. ಸಕ್ಕರೆ ಕಾಯಿಲೆಯ ಮಾತ್ರೆ ಶುರುವಾದ ಮೇಲೆ ಅವರು ಹನ್ನೆರಡೂವರೆಗೆ ಉಣ್ಣುತ್ತಾರೆ. ಅದಕ್ಕೂ ಮುಂಚೆ, ಮಾವ ಇರುವಷ್ಟು ಕಾಲ, ಇದೇ ಅಡುಗೆಮನೆಯಲ್ಲಿ ಕಾದವರು.

"ಏನ್ ತಾಯೀ, ಈಗ್ಲೇ?"

ಬಾಯಲ್ಲಿ ತುತ್ತಿತ್ತು.

"ನಿಂಗೂ ಸಕ್ಕರೆ ಬಂದ್ಬುಟ್ಟದಾ? ಹೊತ್ತಿಗೆ ಸರಿಯಾಗಿ ಉಣ್ಣು ಅಂದ್ರಾ ಡಾಕ್ಟ್ರು?"

ಹೂಂ ಅಂದಿದ್ದರೆ ಮುಗಿದಿತ್ತು. ನಮ್ಮ ಮನೆಯಲ್ಲಿ ಹೆಂಗಸು ಮೊದಲು ಉಣ್ಣಬೇಕಾದರೆ ಒಂದು ಕಾಯಿಲೆ ಬೇಕು. ಅತ್ತೆ ಅದನ್ನು ತಾವಾಗಿಯೇ ನನ್ನ ಕೈಗೆ ಕೊಡುತ್ತಿದ್ದರು. ತಲೆನೋವೆಂಬ ಮಾತು ಬಾಯಿಗೆ ಬಂದೂ ಬಂತು.

"ಇಲ್ಲತ್ತೆ. ಹಸಿವು."

"ಹಸಿವಾ." ಸಂತೆಯಲ್ಲಿ ಗುರುತಿಲ್ಲದ ಕಾಯನ್ನು ತಿರುಗಿಸಿ ನೋಡುವಂತೆ ಹೇಳಿದರು. "ಕಾನ್ವೆಂಟ್ ಓದ್ದೋರ ಹಸಿವು ಬ್ಯಾರೆ ಜಾತಿ ಇರ್ಬೇಕು. ನಮ್ಗೆಲ್ಲ ಗಂಡ ಉಂಡು ಕೈ ತೊಳೆದ್ರೇನೇ ಹಸಿವು ಬರ್ತಿತ್ತು."

ಹೋಗಲಿಲ್ಲ. ಹೊಸ್ತಿಲ ಪಕ್ಕ ಕೂತು ಮಾತ್ರೆಯ ಡಬ್ಬಿ ತೆಗೆದರು, ಮುಚ್ಚಿದರು. ಉಳಿದ ಅನ್ನವನ್ನು ಅವರೆದುರೇ ಉಂಡು ತಟ್ಟೆ ತೊಳೆದೆ.

ನಮ್ಮವರು ಬಂದದ್ದು ಎರಡೂಮುಕ್ಕಾಲಿಗೆ. ಬೈಕು ಕೆಮ್ಮಿತು, ಎಣ್ಣೆ ಇಟ್ಟೆ. ಮೊದಲ ಹಪ್ಪಳ ಬೀಳುವ ಮೊದಲೇ ಅತ್ತೆ ಹೇಳಿಯಾಗಿತ್ತು: "ನಿನ್ ಹೆಂಡ್ತಿ ಆಗ್ಲೇ ಉಂಡಾಯ್ತಪ್ಪ."

ಜಾಲರಿ ಸೌಟು ಕೈಯಲ್ಲೇ ನಿಂತಿತು.

"ಉಂಡ್ರೆ ಉಣ್ಲಿ, ಅದ್ಕೇನೀಗ?" ಅಂದರು ಅನ್ನ ಕಲಸುತ್ತ. "ಇನ್ನೊಂದು ಅಪ್ಪಳ ಹಾಕು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಇಷ್ಟು ವರ್ಷ ನಾನು ಉಣ್ಣದೆ ಕಾದದ್ದು ಅವರ ಗಮನಕ್ಕೇ ಬಂದಿರಲಿಲ್ಲ. ಹಾಗಾದರೆ ನನ್ನನ್ನು ಉಪವಾಸ ಕೂರಿಸಿದವರು ಯಾರು? ಎಣ್ಣೆಯಲ್ಲಿ ಹಪ್ಪಳ ಅರಳಿ ಅಂಚು ಕೆಂಪಾಯಿತು. ನೋಡುತ್ತ ನಿಂತವಳು ತೆಗೆಯುವುದನ್ನು ಮರೆತೆ. ಸೀದದ್ದನ್ನು ನಾನೇ ತಿಂದೆ.

ಆಮೇಲೂ ಮನೆ ಹಾಗೇ ಇದೆ. ಹನ್ನೆರಡರಿಂದ ಮೂರೂವರೆ ಈಗಲೂ ಬೈಕಿನದೇ. ತುತ್ತು ಬಾಯಲ್ಲಿದ್ದಾಗಲೇ ಕಿವಿ ತಿರುವಿನ ತನಕ ಹೋಗಿ ಬರುತ್ತದೆ. ಅತ್ತೆ ಈಗಲೂ ಬಾಗಿಲಲ್ಲಿ ನಿಂತು, "ಬಂತಾ ನಿನ್ ಹಸಿವು?" ಅಂತ ಕೇಳುತ್ತಾರೆ. ಹನ್ನೊಂದೂಮುಕ್ಕಾಲಿಗೆ ಒಳಗೆ ಯಾರೋ ಸೆರಗು ಜಗ್ಗಿದಾಗ, "ಬಂದೆ" ಅನ್ನುತ್ತೇನೆ. ಹುಣಿಸೆಯ ಕೈ ತೊಳೆದು ತಟ್ಟೆ ತೆಗೆದುಕೊಳ್ಳುತ್ತೇನೆ.