ಬಲೆಗೆ ಹೊಡೆದ ಎರಡು ಗುಂಡು

ಶಿವಣ್ಣ, ಆ ದಿನ ನೀವು ಗೆರೆ ದಾಟಿರಲಿಲ್ಲ. ನಿಮ್ಮ ಕೈಲಿದ್ದ ಗನ್ನಿನ ಗಾಳಿಯ ಒತ್ತಡ ಏರಿಸಿದ್ದು ನಾನು. ನಾಗರಾಜನ ಬೆರಳು ಮುರಿದ ಮೇಲೆ ಯಾರಿಗೂ ತಿಳಿಯದಂತೆ ಅದನ್ನು ಇಳಿಸಿದ್ದೂ ನಾನೇ. ಇಷ್ಟನ್ನು ಬರೆಯಲು ಇಷ್ಟು ವರ್ಷ ಏಕೆ ಬೇಕಾಯಿತು ಎಂದು ಕೇಳಿಕೊಂಡರೆ ಸಿಟ್ಟು ಬರುತ್ತದೆ.

ಚಳ್ಳಕೆರೆಯ ದೊಡ್ಡಉಳ್ಳಾರ್ತಿ ರಸ್ತೆಯ ನಮ್ಮ ಹೊಲದ ಮೂಲೆಯಲ್ಲಿ ಬಲೆ ಕಟ್ಟಿ, ಹಳೇ ಟೈರು, ಡ್ರಮ್ಮು ಜೋಡಿಸಿ ನಾನು ಪೇಂಟ್‌ಬಾಲ್ ಮೈದಾನ ತೆರೆದಾಗ, ಇತಿಹಾಸದಲ್ಲಿ ಎಂ.ಎ. ಮಾಡಿದವಳಿಗೆ ಇದೇನು ಹುಚ್ಚು ಎಂದು ನಕ್ಕವರಲ್ಲಿ ನೀವೂ ಒಬ್ಬರು. ಅಲ್ಲೇ ಹತ್ತಿರ ಎದ್ದಿದ್ದ ಹೊಸ ವಿಜ್ಞಾನ ಸಂಸ್ಥೆಗಳ ಕ್ಯಾಂಪಸ್ಸಿನವರು ರಜೆಯ ದಿನ ಬಂದು, ಬಣ್ಣದ ಗುಂಡುಗಳಲ್ಲಿ ಹೊಡೆದಾಡಿಕೊಂಡು ಹೋಗುತ್ತಿದ್ದರು. ಪ್ರತಿ ಗನ್ನಿನ ತಿರುಪನ್ನು ಅಲೆನ್ ಕೀಯಿಂದ ತಿರುಗಿಸಿ ಒತ್ತಡ ಹೊಂದಿಸುವುದು, ಮೀಟರಿನ ಮುಂದೆ ಗುಂಡು ಹಾರಿಸಿ ವೇಗ ಅಳೆಯುವುದು, ಆಮೇಲೆ ಕೊಡುವುದು — ಇದು ನನ್ನ ಕೆಲಸ. ಅಳೆಯದೆ ಒಂದನ್ನೂ ಕೊಡುವುದಿಲ್ಲ ಎಂದು ಫಲಕ ಬರೆಸಿದ್ದೆ.

ಬಂದವರದೆಲ್ಲ ಒಂದೇ ದೂರು: ಗುಂಡು ದೂರ ಹೋಗುವುದಿಲ್ಲ. ಆ ಬಯಲಿನ ಗಾಳಿಗೆ ಹಗುರ ಗುಂಡು ಅಡ್ಡ ಸರಿಯುತ್ತದೆ, ಒತ್ತಡ ಏರಿಸಿದರೆ ಪೆಟ್ಟು ಜೋರಾಗುತ್ತದೆಯೇ ಹೊರತು ಗುರಿ ನೆಟ್ಟಗಾಗುವುದಿಲ್ಲ ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿತ್ತು. ಕೇಳುವವರು ಯಾರು?

ಆ ದಿನ ಬಿಸಿಲು ಬಹಳ ಇತ್ತು. ನಿಮ್ಮ ತಂಗಿ, ನನ್ನ ಕಾಲೇಜಿನ ಗೆಳತಿ ಗಿರಿಜಾ, ಗಂಡ ನಾಗರಾಜನ ಜೊತೆ ಮೊಳಕಾಲ್ಮೂರಿನಿಂದ ಬಂದಿದ್ದಳು. ರೇಷ್ಮೆ ಸೀರೆ ನೇಯುವ ನಾಗರಾಜ ಡ್ರಮ್ಮಿನ ಹಿಂದೆ ಕೂತು ನಿಮ್ಮನ್ನು ಕೆಣಕುತ್ತಿದ್ದ.

"ಭಾವ, ನಿನ್ ಗುಂಡು ನನ್ ತಾವ ಬರೋ ಹೊತ್ಗೆ ನಾನು ಉಂಡು ಮಲಗಿರ್ತೀನಿ!"

"ಲೇ, ಡ್ರಮ್ ಬಿಟ್ಟು ಈಚೆ ಬಾರ್ಲೇ, ತೋರಿಸ್ತೀನಿ!"

ಆಮೇಲೆ ನೀವು ಗನ್ನು ಹಿಡಿದು ನನ್ನ ಬಳಿ ಬಂದಿರಿ. "ಏನಮ್ಮ ಎಂ.ಎ. ಮೇಡಂ, ಇದೇನು ಗನ್ನೋ, ಎಲೆಡಿಕೆ ಉಗುಳೋ ಬಾಯೋ?" ಸುತ್ತಲಿದ್ದವರು ನಕ್ಕರು.

ಗನ್ನು ಕಿತ್ತುಕೊಂಡು ತಿರುಪು ತಿರುಗಿಸಿದೆ. ಅರ್ಧ ಸುತ್ತು ಎನ್ನುತ್ತದೆ ನೆನಪು. ಆದರೆ ನನ್ನ ನೆನಪು ನನ್ನ ಪರವಾಗಿಯೇ ಸಾಕ್ಷಿ ಹೇಳುವಂಥದ್ದು — ಒಂದು ಪೂರ್ತಿ ಸುತ್ತು ಎಂದೇ ಇಟ್ಟುಕೊಳ್ಳುತ್ತೇನೆ. ಮೀಟರು ಕೈಗೆಟುಕುವಷ್ಟು ಹತ್ತಿರದಲ್ಲಿತ್ತು. ಅಳೆಯಲಿಲ್ಲ. "ತಗಳ್ರಿ, ಈಗ ಹೊಡೀರಿ" ಎಂದು ನಿಮ್ಮ ಕೈಗೆ ತುರುಕಿದೆ.

ಸೆಕೆಗೆ ನಾಗರಾಜ ಕೈಗವಸು ತೆಗೆದಿದ್ದ — ಇದನ್ನು ನೆಪಕ್ಕೆ ಬರೆಯುತ್ತಿಲ್ಲ, ನಡೆದದ್ದು ಹಾಗೆ. ನೀವು ಹೊಡೆದ ಗುಂಡು ಅವನ ಉಂಗುರದ ಬೆರಳಿನ ಗೆಣ್ಣಿಗೆ ಬಡಿಯಿತು.

"ಹತ್ರ ಬಂದು ಹೊಡ್ದೆ! ಬೇಕಂತ್ಲೇ ಹೊಡ್ದೆ!" ಎಂದು ಅವನು ಕೂಗಿದ. ಡ್ರಮ್ಮಿನ ಮುಂದೆ ಸುಣ್ಣದ ಗೆರೆ ಇತ್ತು; ಅದನ್ನು ದಾಟಿ ಹೊಡೆಯುವಂತಿರಲಿಲ್ಲ.

"ಗೆರೆ ದಾಟಿಲ್ಲ ಕಣೋ" ಎಂದಿರಿ ನೀವು. ನನ್ನತ್ತ ತಿರುಗಿ, "ಗನ್ ಅಳೆದು ನೋಡಮ್ಮ. ಅದ್ರಾಗೇ ಏನೋ ಐತೆ" ಎಂದಿರಿ.

ಸರಿಯಾಗಿಯೇ ಹೇಳಿದಿರಿ! ನಾನು ಗನ್ನು ಈಸಿಕೊಂಡು, ಮೀಟರು ತೆಗೆಯುವವಳಂತೆ ಬೆನ್ನು ತಿರುಗಿಸಿ ತಿರುಪನ್ನು ಹಿಂದಕ್ಕೆ ತಂದೆ. ಆದರೆ ತಿರುಪು ಇಳಿಸಿದ ಕೂಡಲೇ ವೇಗ ಇಳಿಯುವುದಿಲ್ಲ. ಮೊದಲಿನ ಗಾಳಿ ಒಳಗೇ ಉಳಿದಿರುತ್ತದೆ, ಒಂದೆರಡು ಗುಂಡು ಹಾರಿಸಿ ಅದನ್ನು ಕಳೆಯಬೇಕು. ಅದು ನನಗೆ ಗೊತ್ತಿತ್ತು. ಬಲೆಗೆ ಎರಡು ಗುಂಡು ಹೊಡೆದೆ.

"ಮೇಡಂ ಭಾಳ ಹುಷಾರು, ಮೊದ್ಲು ಗನ್ ಖಾಲಿ ಮಾಡ್ತಾವ್ರೆ ನೋಡು" ಎಂದರು ಯಾರೋ.

ಆಮೇಲೆ ಎಲ್ಲರೆದುರು ಅಳೆದು ಮೀಟರನ್ನು ಗಿರಿಜಾಳ ಮುಂದೆ ಹಿಡಿದೆ. ವೇಗ ಸರಿಯಾಗಿತ್ತು — ಅಲ್ಲಿಗೆ ಗೆರೆ ದಾಟಿದವರು ನೀವೇ ಎಂದಾಯಿತು. ಅವಳು ಮೀಟರು ನೋಡಿದಳು, ನಿಮ್ಮನ್ನು ನೋಡಿದಳು, ಗಂಡನನ್ನು ಕರೆದುಕೊಂಡು ಆಸ್ಪತ್ರೆಗೆ ಹೊರಟಳು.

ತಪ್ಪು ತಿರುಪಿನದಲ್ಲ — ತಿರುಪು ಸಿಡುಕಿನ ಕೆಲಸ. ಬಲೆಗೆ ಹೊಡೆದ ಆ ಎರಡು ಗುಂಡು ಸಿಡುಕಲ್ಲ. ಅವನ್ನು ಯೋಚಿಸಿ ಹೊಡೆದೆ.

ನಾಗರಾಜನ ಬೆರಳು ಪೂರ್ತಿ ಮಡಚುವುದಿಲ್ಲ. ಮಗ್ಗ ಬಿಟ್ಟು ಅಂಗಡಿಯಲ್ಲಿ ಕೂರುತ್ತಾನೆ. ಅಂದಿನಿಂದ ನೀವು ತಂಗಿಯ ಮನೆ ಮೆಟ್ಟಿಲು ಹತ್ತಿಲ್ಲ. ನಾನು ಮಾತ್ರ ಎರಡೂ ಮನೆಯಲ್ಲಿ ಕಾಫಿ ಕುಡಿದೆ. ನನ್ನ ಎಚ್ಚರಿಕೆಯನ್ನು ಜನ ಹೊಗಳಿದಾಗಲೆಲ್ಲ ಅವರ ಮೇಲೆಯೇ ರೇಗುತ್ತಿದ್ದೆ. ಎಂಥ ವಿಚಿತ್ರ — ರೇಗುವ ಹಕ್ಕೂ ನನ್ನದೇ ಎಂಬಂತೆ!

ಮೊನ್ನೆ ಗಿರಿಜಾ ತನ್ನ ಮಗಳ ಮದುವೆಗೆ ಕರೆಯಲು ಬಂದಳು. "ಸೋದರಮಾವನ ಜಾಗಕ್ಕೆ ನಮ್ ದೊಡ್ಡಪ್ಪನ ಮಗನ್ನ ನಿಲ್ಲಿಸ್ತೀವಿ. ಹೊಡೆದಿದ್ದು ಮರೀಬೋದು ಕಣೆ, ಎದುರಿಗೆ ನಿಂತು ಸುಳ್ಳು ಹೇಳಿದ್ನಲ್ಲ ನಮ್ಮಣ್ಣ, ಅದನ್ನ ಮರೆಯಾಕಾಗಲ್ಲ" ಎಂದಳು. ಆಗಲೂ ನಾನು ಸುಮ್ಮನೆ ಕುಂಕುಮ ತಂದುಕೊಟ್ಟೆ.

ಇವತ್ತು ಮೊಳಕಾಲ್ಮೂರಿಗೆ ಹೋಗಿ ಇಬ್ಬರಿಗೂ ಹೇಳಿದೆ. ನಾಗರಾಜ ಎದ್ದು ಒಳಗೆ ಹೋದ. ಗಿರಿಜಾ ಒಂದೇ ಮಾತು ಕೇಳಿದಳು: "ನಮ್ಮಣ್ಣ ಗೆರೆ ದಾಟಿರ್ಲಿಲ್ವಾ?"

"ಇಲ್ಲ."

ನಾಳೆ ನಿಮ್ಮನ್ನು ಕರೆಯಲು ಅವಳು ಚಳ್ಳಕೆರೆಗೆ ಬರುತ್ತಾಳೆ, ಶಿವಣ್ಣ. ನಾನೂ ಜೊತೆಗೆ ಬರಲೇ ಎಂದು ಕೇಳಿದೆ. "ನೀನು ಬರಬ್ಯಾಡ. ಮದುವೆಗೂ ಬರಬ್ಯಾಡ" ಎಂದಳು.

ಬರುವುದಿಲ್ಲ.