ರೇವವ್ವ ಒತ್ತದ ಹೆಬ್ಬೆಟ್ಟು

ರೇವವ್ವನಿಗೆ ಒಂಬತ್ತು ದಿನದ ಹಾಲಿನ ದುಡ್ಡು ಇನ್ನೂ ಬರಬೇಕು. ೧೯೭೬ರ ಶ್ರಾವಣದ್ದು. ಹಾಲು ಕೆಟ್ಟಿತ್ತೆಂದು ದುಡ್ಡು ತಡೆದರು, ಹಾಲನ್ನೇನೂ ಚೆಲ್ಲಲಿಲ್ಲ. ಡೈರಿಯ ಪರೀಕ್ಷೆಯ ಫಲ ಬರಲು ಎರಡು ದಿನ ಬೇಕು. ಅಷ್ಟರಲ್ಲಿ ಆ ಹಾಲು ಕಾಯ್ದು, ಬಾಟಲಿ ತುಂಬಿ, ಪಟ್ಟಣದವರ ಚಹಾಕ್ಕೆ ಬಿದ್ದು ಮುಗಿದಿರುತ್ತಿತ್ತು.

ತಿರ್ಲಾಪುರದ ಬಾಜು ಊರು ಅವಳದು. ಗಂಡನಿಲ್ಲ, ಎರಡು ಎಮ್ಮೆ ಇವೆ. ಹಾಲಿನ ಸಂಘದ ಸೆಕ್ರೆಟರಿ ಬಸವಣ್ಣೆಪ್ಪ ಸರತಿಯಲ್ಲಿ ನಿಂತವರೆಲ್ಲರ ಮುಂದೆ ಡೈರಿಯ ಚೀಟಿ ಓದಿದ: ರೇವವ್ವನ ಹಾಲಿನಲ್ಲಿ ಸಗಣಿಯ ಹುಳ. ಚೀಟಿಯಲ್ಲಿದ್ದ ಶಬ್ದ ಕೋಲಿಫಾರ್ಮ್. ಮನುಷ್ಯರ, ದನಗಳ ಕರುಳಿನಲ್ಲಿರುವ ಕ್ರಿಮಿ. ಅಂದಿನಿಂದ ನೆರೆಮನೆಯ ನೀಲಕ್ಕ ಮಜ್ಜಿಗೆಗೆ ಬರುವುದನ್ನೇ ಬಿಟ್ಟಳು. ಕೆಚ್ಚಲು ತೊಳೆದು, ಚರಿಗೆಗೆ ಕುದಿಯುವ ನೀರು ಹಾಕಿ ಹಿಂಡುವವಳು ಊರಿಗೆಲ್ಲ ಇವಳೊಬ್ಬಳೇ. ಸಿಟ್ಟು ನೆತ್ತಿಗೇರಿತು. ಖಾಲಿ ಚರಿಗೆ ಎತ್ತಿಕೊಂಡು ಬಸ್ಸು ಹತ್ತಿದಳು.

ಡೈರಿಯಲ್ಲಿ ಅವಳ ಮಾತಿಗೆ ಕಿವಿಗೊಟ್ಟವನು ಶರೀಫಸಾಬ ಒಬ್ಬನೇ, ಪರೀಕ್ಷೆಯ ಕೋಣೆಯ ಶೀಸೆ ತೊಳೆಯುವವನು. ಚರಿಗೆ ಹೇಗೆ ತೊಳೆಯುತ್ತೀ ಎಂದು ಕೇಳಿದ. ಅವಳು ಎಲ್ಲ ಹೇಳಿದಳು. ಸುಡುವ ಚರಿಗೆಗೆ ಹಾಲು ಬಿದ್ದರೆ ಒಡೆದೀತೆಂದು ಕೊನೆಗೊಮ್ಮೆ ಅದರಲ್ಲಿ ತಣ್ಣೀರು ಕುಲುಕಿ ಚೆಲ್ಲಿ ಗಲಬರಿಸುತ್ತಿದ್ದಳು.

“ಯಾವ ತಣ್ಣೀರು ಯವ್ವಾ?”

“ಕೆರಿ ನೀರು. ನಾವು ಕುಡಿಯೂ ನೀರು, ಮತ್ಯಾವ್ದು?”

ಶರೀಫಸಾಬ ಕುದಿಸಿ ಅರಳೆ ತುರುಕಿದ ಶೀಸೆಯೊಂದನ್ನು ಅವಳ ಕೈಗಿಟ್ಟ. ಮರುದಿನ ಮೊದಲ ಬಸ್ಸಿಗೆ ಅವಳು ಕೆರೆಯ ನೀರು ತುಂಬಿ ತಂದಳು. ಅವನು ಅದನ್ನು ಕ್ರಿಮಿ ಬೆಳೆಸುವ ರಸವಿದ್ದ ಐದು ಗಾಜಿನ ನಳಿಗೆಗಳಿಗೆ ಹಾಕಿಟ್ಟ. ಒಂದೊಂದರೊಳಗೂ ಬೋರಲು ಹಾಕಿದ ಪುಟ್ಟ ನಳಿಗೆ; ಕ್ರಿಮಿಯಿದ್ದರೆ ಅದರಲ್ಲಿ ಗಾಳಿ ಕೂಡುತ್ತದೆ. ಎರಡು ದಿನ ಬಿಟ್ಟು ಅವಳು ಮತ್ತೆ ಬಂದಾಗ ಐದರಲ್ಲೂ ಗಾಳಿ. ಕೂಡದೆ ಏನಾದೀತು? ಕೆರೆಯ ಬೇಲಿ ಮುರಿದು ಮೂರು ವರ್ಷ. ದನ ಇಳಿಯುವುದೂ ಅಲ್ಲೇ, ಊರು ಕೊಡ ಮುಳುಗಿಸುವುದೂ ಅಲ್ಲೇ.

ಡೈರಿಯ ಸಾಹೇಬ ನಳಿಗೆಗಳನ್ನು ನೋಡಿದ. ಹಾಲನ್ನು ಪಟ್ಟಣ ಕುಡಿಯುತ್ತದೆ, ಅದಕ್ಕೇ ಅದರ ಪರೀಕ್ಷೆ, ಹಳ್ಳಿಯ ನೀರಿಗೆ ವರದಿ ಬರೆಯುವುದು ತನ್ನ ಕೆಲಸವಲ್ಲ ಎಂದ.

“ಹಂಗಾರ ಅವರ ಹೊಟ್ಯಾಗ ಹೋದ್ರ ಸಗಣಿ, ನಮ್ಮ ಹೊಟ್ಯಾಗ ಹೋದ್ರ ತೀರ್ಥ ಏನ್ರಿ?” ಎಂದಳು ರೇವವ್ವ.

ಸಾಹೇಬ ಐದೂ ನಳಿಗೆಗಳನ್ನು ಮೋರಿಗೆ ಸುರಿಸಿದ, ಶರೀಫಸಾಬನ ಕೈಯಿಂದಲೇ.

ಅಂದಿನಿಂದ ಅವಳು ಗಲಬರಿಸುವ ನೀರನ್ನೂ ಕುದಿಸಿ ಆರಿಸಿದಳು. ಹಾಲು ಪಾಸಾಯಿತು. ಬಸವಣ್ಣೆಪ್ಪ ತಡೆದ ದುಡ್ಡನ್ನು ಮೇಜಿನ ಮೇಲಿಟ್ಟು ಒಂದು ಕಾಗದ ಚಾಚಿದ. ರೇವವ್ವನ ಕೈಯ ಹೊಲಸಿನಿಂದ ಹಾಲು ಕೆಟ್ಟಿತ್ತು ಎಂದು ಅದರಲ್ಲಿತ್ತು. ಒಂದು ಹೆಬ್ಬೆಟ್ಟು ಒತ್ತಿದರೆ ಸಾಕು.

“ಕೆರಿ ಹೊಲಸೈತಿ ಅಂತ ಬರಿ. ಒತ್ತತೀನಿ.”

“ಅದನ್ನ ಬರ್ಯಾಕ ಬರೂದಿಲ್ಲ ಬೇ.”

“ಹಂಗಾರ ಇಟ್ಕೋ.”

ದುಡ್ಡು ಇನ್ನೂ ಸಂಘದ ಪೆಟ್ಟಿಗೆಯಲ್ಲಿದೆ. ಕೆರೆಗೆ ಇನ್ನೂ ದನ ಇಳಿಯುತ್ತವೆ. ಇದನ್ನು ಓದುತ್ತಿರುವ ಪಟ್ಟಣದವರೇ, ಆ ಒಂಬತ್ತು ದಿನದ ಹಾಲು ಕುಡಿದವರು ನೀವು. ನಿಮ್ಮ ಬಾಟಲಿ ಬರುವ ಡೈರಿಯ ಬಾಗಿಲಿಗೆ ಹೋಗಿ ನಿಲ್ಲಿರಿ. ಆ ಕೆರೆಯ ನೀರನ್ನು ನಳಿಗೆಗೆ ಹಾಕಿಸಿರಿ, ಫಲವನ್ನು ಬರೆಸಿರಿ. ಆಮೇಲೆ ರೇವವ್ವನ ಮಾನ ತೆಗೆದ ಅದೇ ಸರತಿಯ ಮುಂದೆ, ಅದೇ ಬಸವಣ್ಣೆಪ್ಪನ ಬಾಯಿಂದ, ಗಟ್ಟಿಯಾಗಿ ಓದಿಸಿರಿ.